ನಿಮಿಷಕ್ಕೆ ಆರು

ಬಿಳಿಗಲ್ಲಹಟ್ಟಿ, ಯಗಟಿ ಅಂಚೆ
ಕಡೂರು ತಾಲ್ಲೂಕು
೧೨ ಜನವರಿ ೧೯೮೪

ಕಸರತ್ತಿನ ಟೀಚರಮ್ಮ ಪಂಕಜಾಕ್ಷಿಯವರಿಗೆ ತಿಮ್ಮಕ್ಕನ ನಮಸ್ಕಾರಗಳು.

ನಿಮ್ಮ ಬೆಂಗಳೂರಿನ ಆಸ್ಪತ್ರೆಯಿಂದ ಊರು ಸೇರಿದೆ. ಕಡೂರಿನಲ್ಲಿ ಬಸ್ಸಿಳಿದಾಗ ನನ್ನ ಗುರುತು ಯಾರಿಗೂ ಸಿಗಲಿಲ್ಲ. ಕೂದಲು ಈಗ ಬೆರಳುದ್ದ ಬೆಳೆದಿದೆ. ಕತ್ತಿಗೆ ಕರೆಂಟು ಕೊಟ್ಟ ಜಾಗ ರೊಟ್ಟಿ ಹಂಚಿನ ತಳದಂತೆ ಕಪ್ಪಾಗಿದೆ. ನಮ್ಮ ಅತ್ತೆ ಶಂಕರಮ್ಮ ಬಾಗಿಲಲ್ಲೇ ನಿಲ್ಲಿಸಿ, "ರಕ್ತದ ಕ್ಯಾನ್ಸರ್ ಅಂದ್ರೆ ಸತ್ತೇ ಹೋಗ್ತಾರೆ ಅಂದಿದ್ರು. ನೀನು ಹೆಂಗೆ ಬಂದ್ಬಿಟ್ಟೆ?" ಅಂದಳು. ನಕ್ಕೆ. ಕೆಮ್ಮು ಬಂತು.

ಗಂಡ ಮುದ್ದಪ್ಪ ಊರಲ್ಲಿಲ್ಲ. ಲಕ್ಕವಳ್ಳಿ ಕಡೆ ಭತ್ತ ಕುಯ್ದಿದ್ದಾರೆ. ಕುಯ್ದ ಗದ್ದೆಗಳಲ್ಲಿ ಗೊಬ್ಬರಕ್ಕೆ ಮಂದೆ ನಿಲ್ಲಿಸಲು ಕುರಿ ಹೊಡೆದುಕೊಂಡು ಹೋಗಿದ್ದಾನೆ. ಬರುವುದು ಯುಗಾದಿ ಕಳೆದ ಮೇಲೆ.

ನೀವು ಹೇಳಿಕೊಟ್ಟಿದ್ದು ಮರೆತಿಲ್ಲ. ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ನಿಮಿಷಕ್ಕೆ ಆರು ಉಸಿರು. ಬೆಳಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು. ಆಮೇಲೆ ನಡಿಗೆ, ಕೈ ಎತ್ತಿ ಇಳಿಸುವುದು. ಆದರೆ ಆಸ್ಪತ್ರೆಯಲ್ಲಿ ಹೊಟ್ಟೆಗೆ ಪಟ್ಟಿ ಕಟ್ಟುವ ಮಿಷನ್ ಇತ್ತು. ಉಸಿರು ನಿಧಾನವಾದರೆ ಹಸಿರು ದೀಪ ಹತ್ತುತ್ತಿತ್ತು. ಇಲ್ಲಿ ದೀಪವಿಲ್ಲ. ಕಣ್ಣಿಗೆ ಕಾಣದಿದ್ದರೆ ನನ್ನ ಉಸಿರು ನನ್ನ ಮಾತು ಕೇಳುವುದಿಲ್ಲ. ಏನು ಮಾಡಲಿ?

ನಾಲ್ಕನೇ ಕ್ಲಾಸಿನ ಅಕ್ಷರ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ತಿಮ್ಮಕ್ಕ


ಬೆಂಗಳೂರು
೨೩ ಜನವರಿ ೧೯೮೪

ತಿಮ್ಮಕ್ಕನಿಗೆ,

ನಿನ್ನ ಕಾಗದ ನೋಡಿ ಸಂತೋಷವಾಯಿತು. ಮಿಷನ್ ಒಂದೇ ಇದೆ, ಅದನ್ನು ಹಳ್ಳಿಗೆ ಕಳಿಸಲಾಗುವುದಿಲ್ಲ. ಹೊಟ್ಟೆಯ ಮೇಲೆ ಹಗುರವಾದದ್ದು ಏನಾದರೂ ಇಟ್ಟುಕೊ. ಅದು ಅಲುಗುವುದು ಕಣ್ಣಿಗೆ ಕಾಣಬೇಕು ಅಥವಾ ಕಿವಿಗೆ ಕೇಳಬೇಕು, ಅಷ್ಟೇ. ನಾನು ಕೊಟ್ಟ ಹಳೇ ಕೈಗಡಿಯಾರ ನೋಡಿಕೊಂಡು ದಿನಾ ಸಂಜೆ ಕಸರತ್ತಿಗೆ ಕೂರುವ ಮೊದಲು ನಿಮಿಷಕ್ಕೆ ಎಷ್ಟು ಉಸಿರು ಎಂದು ಎಣಿಸಿ ಬರೆ. ಅಂಕಿಯಲ್ಲಿ ಸುಳ್ಳು ಬೇಡ. ಈ ಕಸರತ್ತು ಕಲಿತ ನಿಮ್ಮ ಹತ್ತು ಜನ ರೋಗಿಗಳ ಅಂಕಿ ಇಟ್ಟುಕೊಂಡು ನಮ್ಮ ದೊಡ್ಡ ಡಾಕ್ಟರು ವರದಿ ಬರೆಯುತ್ತಿದ್ದಾರೆ.

ಇನ್ನೊಮ್ಮೆ ಹೇಳುತ್ತೇನೆ. ಇದು ಕ್ಯಾನ್ಸರನ್ನು ಕೊಲ್ಲುವ ವಿದ್ಯೆಯಲ್ಲ. ಆ ಕೆಲಸ ಇಂಜೆಕ್ಷನ್ನು, ನೀವು ಕರೆಂಟು ಅನ್ನುವ ರೇಡಿಯೇಷನ್ನು ಮಾಡಿವೆ. ಅವುಗಳಿಂದ ನಿನ್ನ ಶ್ವಾಸಕೋಶ ಗಟ್ಟಿಯಾಗಿದೆ. ಉಳಿದ ಬದುಕು ಬದುಕುವಂತಿರಲಿ ಎಂದು ಈ ಕಸರತ್ತು.

ಹತ್ತು ಜನರಲ್ಲಿ ಎಲ್ಲರಿಗಿಂತ ಬೇಗ ಕಲಿತವಳು ನೀನು. ಹೇಗೆ ಎಂದು ನಾನು ಕೇಳಿದರೆ ನಕ್ಕು ಮಾತು ಬದಲಿಸುತ್ತಿದ್ದೆ.

ನಮ್ಮ ತಂದೆ ಜಯದೇವಪ್ಪನವರಿಗೆ ಅಜ್ಜಂಪುರದಲ್ಲಿ ಈರುಳ್ಳಿ ಮಂಡಿ ಇದೆ. ನಿಮ್ಮೂರಿನ ಪಟೇಲ ಈರಭದ್ರಪ್ಪನವರು ನಮ್ಮ ಮನೆಗೆ ಬಂದು ಹೋಗುವವರು. ಬಹಳ ಒಳ್ಳೆಯವರು. ಏನಾದರೂ ತೊಂದರೆಯಾದರೆ ಅವರಿಗೆ ಹೇಳು.

ಪಂಕಜಾಕ್ಷಿ


ಬಿಳಿಗಲ್ಲಹಟ್ಟಿ
೮ ಫೆಬ್ರವರಿ ೧೯೮೪

ಟೀಚರಮ್ಮನವರಿಗೆ,

ಉಪಾಯ ಸಿಕ್ಕಿತು. ಚಳಿಗೆ ಸತ್ತ ಒಂದು ಕುರಿಮರಿಯ ಕೊರಳಗಂಟೆ ಮನೆಯಲ್ಲಿತ್ತು. ಉಡಿದಾರಕ್ಕೆ ಪೋಣಿಸಿ ಹೊಕ್ಕುಳ ಮೇಲೆ ಬರುವಂತೆ ಕಟ್ಟಿಕೊಂಡೆ. ಬುಸಬುಸ ಉಸಿರಾಡಿದರೆ ಕಿಣಿಕಿಣಿ ಅನ್ನುತ್ತದೆ. ನಿಧಾನವಾದರೆ ಮೂಕ. ನಿಮ್ಮದು ದೀಪ ಹತ್ತಿದರೆ ಸರಿ, ನನ್ನದು ಗಂಟೆ ಸುಮ್ಮನಾದರೆ ಸರಿ. ನಮ್ಮತ್ತೆ, "ಮನುಸ್ರ ಮಂದೇಲಿದ್ದು ಸಾಕಾಗಿ ಕುರಿ ಮಂದೆ ಸೇರ್ಕಂಡ್ಯೇನೇ?" ಎಂದು ಆಡಿಕೊಳ್ಳುತ್ತಾಳೆ.

ಅಂಕಿ. ಸೋಮವಾರ ೯. ಮಂಗಳವಾರ ೧೯. ಬುಧವಾರ ೧೦. ಗುರುವಾರ ೮. ಶುಕ್ರವಾರ ೨೧. ಶನಿವಾರ ೯. ಭಾನುವಾರ ೭. ಸೋಮವಾರ ೭. ನಿನ್ನೆ ಮಂಗಳವಾರ ೨೩.

ಈರಭದ್ರಪ್ಪನವರು ಬಹಳ ಒಳ್ಳೆಯವರು ಎಂದು ಬರೆದಿದ್ದೀರಿ. ಓದಿದೆ.

ತಿಮ್ಮಕ್ಕ


ಬೆಂಗಳೂರು
೧೬ ಫೆಬ್ರವರಿ ೧೯೮೪

ತಿಮ್ಮಕ್ಕನಿಗೆ,

ಗಂಟೆಯ ವಿಷಯ ಓದಿ ದೊಡ್ಡ ಡಾಕ್ಟರೂ ನಕ್ಕರು, ಭೇಷ್ ಎಂದರು. ಅಂಕಿ ನೋಡಿ ಮಾತ್ರ ಹುಬ್ಬು ಗಂಟಿಕ್ಕಿದರು. ಒಂದು ದಿನ ಏಳು, ಮರುದಿನ ಇಪ್ಪತ್ತಮೂರು. ಹೀಗೆ ಏರಿಳಿದರೆ ಎರಡೇ ಅರ್ಥ. ಒಂದು, ಕಾಯಿಲೆ ತಿರುಗಿ ಬಂದಿರಬೇಕು. ಇಲ್ಲವೇ ನೀನು ಮನಸ್ಸು ಬಂದ ದಿನ ಮಾಡುತ್ತೀಯ, ಬಾರದ ದಿನ ಬಿಡುತ್ತೀಯ. ರಾತ್ರಿ ಬೆವರು, ಜ್ವರ, ಕತ್ತಿನಲ್ಲಿ ಗಂಟು ಇದ್ದರೆ ಕೂಡಲೇ ಬಾ. ಇಲ್ಲದಿದ್ದರೆ ಸೋಮಾರಿತನ ಬಿಡು. ನಿನಗಾಗಿ ಇಷ್ಟು ಜನ ಒದ್ದಾಡಿದ್ದೇವೆ.

ಪಂಕಜಾಕ್ಷಿ


ಬಿಳಿಗಲ್ಲಹಟ್ಟಿ
೩ ಮಾರ್ಚ್ ೧೯೮೪
(ಕಾರ್ಡು)

ಟೀಚರಮ್ಮ, ಜ್ವರವಿಲ್ಲ, ಬೆವರಿಲ್ಲ, ಗಂಟಿಲ್ಲ. ಸೋಮಾರಿತನವೂ ಇಲ್ಲ. ಒಂದು ದಿನವೂ ಬಿಟ್ಟಿಲ್ಲ. ಭಾನುವಾರ ೭. ಸೋಮವಾರ ೭. ಮಂಗಳವಾರ ೨೬. ಬುಧವಾರ ೧೪. ಗುರುವಾರ ೧೧. ನಿನ್ನೆ ಶುಕ್ರವಾರ ೩೦. ಎಡಪಕ್ಕೆ ಹಿಡಿದುಕೊಂಡಿದೆ. ಬಿದ್ದೆ. ಅಂಕಿಯಲ್ಲಿ ಸುಳ್ಳು ಬೇಡ ಅಂದಿದ್ದಿರಿ, ಅಂಕಿಯಲ್ಲಿ ಸುಳ್ಳು ಬರೆದಿಲ್ಲ. ತಿಮ್ಮಕ್ಕ


ಬೆಂಗಳೂರು
೧೨ ಮಾರ್ಚ್ ೧೯೮೪

ತಿಮ್ಮಕ್ಕನಿಗೆ,

ನಿನ್ನ ಎಲ್ಲ ಅಂಕಿಗಳನ್ನೂ ಗ್ರಾಫ್ ಹಾಳೆಯಲ್ಲಿ ಬರೆದೆ. ಆಗ ಕಣ್ಣಿಗೆ ಬಿತ್ತು. ಉಸಿರು ಕೆಡುವುದು ಮಂಗಳವಾರ, ಶುಕ್ರವಾರ ಮಾತ್ರ. ಎರಡೂ ದೇವಿಯ ವಾರ. ನೀನು ಉಪವಾಸ ಮಾಡಿ, ಗುಡಿಯ ಸಾಂಬ್ರಾಣಿ ಹೊಗೆಯಲ್ಲಿ ಕೂತು ಬರುತ್ತೀಯ ಅಲ್ಲವೇ? ಅದಕ್ಕೇ ಹೇಳಲು ನಾಚಿಕೆ. ದೇವರಿಗೆ ಮನೆಯಿಂದಲೇ ಕೈ ಮುಗಿ, ಕೋಪ ಮಾಡಿಕೊಳ್ಳುವುದಿಲ್ಲ.

ನಾನು ಹೇಳಿದರೆ ನೀನು ಕೇಳುವುದಿಲ್ಲ ಎಂದು ಗೊತ್ತು. ಅದಕ್ಕೆ ನನ್ನ ಕಡೆಯಿಂದ ಒಂದು ವ್ಯವಸ್ಥೆ ಮಾಡಿದ್ದೇನೆ. ನಿನ್ನ ಒಳ್ಳೆಯದಕ್ಕೇ. ಸದ್ಯದಲ್ಲೇ ತಿಳಿಯುತ್ತದೆ.

ಪಂಕಜಾಕ್ಷಿ


ಬಿಳಿಗಲ್ಲಹಟ್ಟಿ
೫ ಏಪ್ರಿಲ್ ೧೯೮೪

ಪಂಕಜಾಕ್ಷಿ,

ನಿನ್ನ ವ್ಯವಸ್ಥೆ ತಿಳಿಯಿತು. ಬೆನ್ನಿನ ಮೇಲೆ ತಿಳಿಯಿತು. ಬೋರಲು ಮಲಗಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮೆ ಕೇಳುವುದಿಲ್ಲ.

ನಾನು ಮುಚ್ಚಿಟ್ಟಿದ್ದನ್ನು ಈಗ ಕೇಳು. ಹದಿನಾರನೇ ವಯಸ್ಸಿನಿಂದ ನನ್ನ ಮೈಮೇಲೆ ಹಟ್ಟಿಯ ದೇವಿ ಚೌಡಮ್ಮ ಬರುತ್ತಿದ್ದಳು. ಮಂಗಳವಾರ, ಶುಕ್ರವಾರ. ತಮಟೆ ಬಡಿಯುತ್ತಿದ್ದರು, ಹೊಗೆ ಹಾಕುತ್ತಿದ್ದರು. ಏದುಸಿರು ಹತ್ತುತ್ತಿತ್ತು, ಆಮೇಲೆ ನನಗೆ ಜಗತ್ತೇ ಇಲ್ಲ. ನನ್ನ ಬಾಯಿಂದ ಬಂದ ಕೂಗನ್ನು ಪೂಜಾರಿ ಓಬಳಪ್ಪ 'ಅಮ್ಮನ ಅಪ್ಪಣೆ' ಎಂದು ಬಿಡಿಸಿ ಊರಿಗೆ ಹೇಳುವವನು. ನನಗೂ ಅವನೇ ಹೇಳುವವನು. ಅವನಿಗೆ ಅನ್ನ ಹಾಕುವವನು ಈರಭದ್ರಪ್ಪ. ಹನ್ನೊಂದು ವರ್ಷದ ಹಿಂದೆ, ಗಂಡ ಸತ್ತ ಅಂಬಮ್ಮನ ಕಣ್ಣು ತಾಕಿ ಕುರಿ ಸಾಯುತ್ತಿವೆ ಎಂದು ನಾನು ಅಪ್ಪಣೆ ಕೊಟ್ಟೆನಂತೆ. ಅವಳ ಹಲ್ಲು ಉದುರಿಸಿದರು. ಊರಾಚೆ ಎಳೆದು ಬಿಸಾಕಿದರು. ಅವಳ ಎರಡೆಕರೆ ಈಗ ಈರಭದ್ರಪ್ಪನ ತೆಂಗಿನ ತೋಟ. ನನಗೆ ಎಚ್ಚರವಾದಾಗ ನನ್ನ ಮುಷ್ಟಿಯಲ್ಲಿ ಅವಳ ಕೂದಲಿತ್ತು. ಬೇರುಸಮೇತ.

ನಿನ್ನ ಹಸಿರು ದೀಪ ಮೊದಲ ಸಲ ಹತ್ತಿದ ದಿನ ನಾನು ಅತ್ತುಬಿಟ್ಟೆ. ಕಾಯಿಲೆ ನೆನೆದು ಅಳುತ್ತಾಳೆ ಎಂದು ನೀನು ಬೆನ್ನು ಸವರಿದೆ. ಅದಕ್ಕಲ್ಲ. ಉಸಿರು ನನ್ನ ಕೈಗೆ ಸಿಕ್ಕಿತಲ್ಲ, ಇನ್ನು ಬಾಯೂ ನನ್ನದೇ ಎಂದು ಅತ್ತೆ. ಬೇಗ ಹೇಗೆ ಕಲಿತೆ ಎಂದು ಕೇಳುತ್ತಿದ್ದೆಯಲ್ಲ, ಇದಕ್ಕೇ. ಉಳಿದವರು ಬದುಕಲು ಕಲಿತರು. ನಾನು ಚೌಡಮ್ಮನನ್ನು ಒಳಗೆ ಬಿಡದಿರಲು ಕಲಿತೆ.

ಹಟ್ಟಿಯ ಹನ್ನೆರಡು ಮನೆ ಕುರಿ ಮೇಯುವುದು ನಲವತ್ತೆಕರೆ ಗೋಮಾಳದಲ್ಲಿ. ಈರಭದ್ರಪ್ಪನಿಗೆ ಅಲ್ಲಿ ಬೋರು ಹಾಕಿ ತೆಂಗು ಇಡಬೇಕಾಗಿದೆ. ಕೋರ್ಟಿಗೆ ಹೋದರೆ ಸಿಗುವುದಿಲ್ಲ. ಅಮ್ಮನೇ 'ಇದು ನನ್ನ ಜಾಗ, ಮಂದೆ ತೆಗೀರಿ' ಅಂದರೆ ಹಟ್ಟಿಯವರೇ ಕೈ ಮುಗಿದು ಬಿಟ್ಟುಕೊಡುತ್ತಾರೆ. ಅದಕ್ಕೆ ಅವನಿಗೆ ನನ್ನ ಬಾಯಿ ಬೇಕು. ಜನವರಿಯಿಂದ ವಾರಕ್ಕೆರಡು ಸಲ ತಮಟೆ ಮುಂದೆ ಕೂರಿಸಿದ. ಅಮ್ಮ ಬರಲಿಲ್ಲ. ಆಸ್ಪತ್ರೆಯ ಮೈಲಿಗೆ ಎಂದು ತಲೆಗೆ ನೀರು ಸುರಿದ. ಬರಲಿಲ್ಲ. ಕಪಾಳಕ್ಕೆ ಹೊಡೆದ, ಪಕ್ಕೆಗೆ ಒದ್ದ. ಬರಲಿಲ್ಲ. ಆದರೂ ನಾನು ತಡೆಯುತ್ತಿದ್ದೇನೆ ಎಂದು ಅವನಿಗೆ ಗೊತ್ತಿರಲಿಲ್ಲ.

ಗೊತ್ತು ಮಾಡಿಸಿದವಳು ನೀನು.

ಮೊನ್ನೆ ಮಂಗಳವಾರ, ಯುಗಾದಿ ಮಾರನೇ ದಿನದ ಹೊಸತೊಡಕು. ಎಲ್ಲರ ಮನೆಯಲ್ಲೂ ಬಾಡು ಬೇಯುತ್ತಿತ್ತು. ಗುಡಿ ಮುಂದೆ ಎಲ್ಲರನ್ನೂ ಸೇರಿಸಿ ಈರಭದ್ರಪ್ಪ ನೀನು ಅವನಿಗೆ ಬರೆದ ಕಾಗದ ಓದಿದ. 'ತಾವು ಊರಿಗೆ ಹಿರಿಯರು. ತಿಮ್ಮಕ್ಕ ಉಸಿರನ್ನು ತಾನೇ ಹಿಡಿತದಲ್ಲಿಟ್ಟುಕೊಳ್ಳುವುದನ್ನು ಕಲಿತಿದ್ದಾಳೆ. ಓಟ, ಏಟು, ಹೊಗೆ, ಹೆದರಿಕೆ, ಈ ನಾಲ್ಕರಿಂದ ಆ ಹಿಡಿತ ತಪ್ಪುತ್ತದೆ. ದಯವಿಟ್ಟು ಅವಳನ್ನು ಇವುಗಳಿಂದ ದೂರವಿಡಿ.' ಓದಿ ಮಡಚಿ ಜೇಬಿಗಿಟ್ಟ. "ಕೇಳಿದ್ರೇನ್ರೋ? ಅಮ್ಮನ್ನ ಈ ಮುಂಡೆ ಬಾಗ್ಲಲ್ಲೇ ತಡೆದು ನಿಲ್ಸವ್ಳೆ. ಓದಿದೋರೇ ದಾರಿ ತೋರ್ಸವ್ರೆ, ಬರ್ರಿ" ಎಂದ.

ನಾಲ್ಕನ್ನೂ ನೀನು ಬರೆದ ಸಾಲಿನಲ್ಲೇ ಮಾಡಿಸಿದ. ಸೊಂಟಕ್ಕೆ ಹಗ್ಗ ಕಟ್ಟಿ ಗುಡಿ ಸುತ್ತ ಓಡಿಸಿದರು. ಬಿದ್ದಲ್ಲಿ ಬಾರುಕೋಲಿನಿಂದ ಬಾರಿಸಿದರು. ಒಣಮೆಣಸಿನಕಾಯಿ ಹೊಗೆಗೆ ಮುಖ ಒತ್ತಿ ಹಿಡಿದರು. ಕೆಮ್ಮಿದರೆ ರಕ್ತ ಬಂತು. ಕೊನೆಗೆ ಕಿವಿಯಲ್ಲಿ ಹೇಳಿದ, "ಅಂಬಮ್ಮನ ನೆನಪೈತಾ?"

ಹೊಟ್ಟೆಯ ಗಂಟೆ ಹುಚ್ಚು ಹಿಡಿದಂತೆ ಬಡಿದುಕೊಂಡಿತು. ಜನ 'ಅಮ್ಮಾ ಬಂದ್ಯಾ' ಎಂದು ಕೈ ಮುಗಿದರು. ನೆಲಕ್ಕೆ ಕೆನ್ನೆ ಒತ್ತಿ ನಾನು ನಾಲ್ಕು ಎಣಿಸಿದೆ. ಆರು ಎಣಿಸಿದೆ. ಮತ್ತೆ ನಾಲ್ಕು. ಗಂಟೆ ನಿಂತಿತು.

ಇದೇ ಹದಿನೇಳು ಮಂಗಳವಾರ ಗೋಮಾಳದ ಕಾಗದಕ್ಕೆ ರುಜು ಹಾಕಲು ಅಮಲ್ದಾರರು ಬರುತ್ತಾರಂತೆ. ಅವತ್ತು ಅಮ್ಮ ಬರಲೇಬೇಕಂತೆ. ನಮ್ಮತ್ತೆ ಅರಿಶಿನ ಹಚ್ಚುತ್ತಾ, "ಬಂದಂಗೆ ಆಡ್ಬಿಡೇ, ಏಟು ತಪ್ತದೆ" ಎಂದು ಅಳುತ್ತಾಳೆ.

ಮಂಗಳವಾರದ ಅಂಕಿ ೪೧. ನಿನ್ನ ಗ್ರಾಫಿನಲ್ಲಿ ಬರೆದುಕೊ.

ತಿಮ್ಮಕ್ಕ


ಬೆಂಗಳೂರು
೧೦ ಏಪ್ರಿಲ್ ೧೯೮೪

ತಿಮ್ಮಕ್ಕ,

ಕಾಗದವನ್ನು ಮೂರು ಸಲ ಓದಿದೆ. ನಾನು ಈರಭದ್ರಪ್ಪನವರನ್ನು ಚಿಕ್ಕಂದಿನಿಂದ ಮಾಮ ಎಂದು ಕರೆದವಳು. ನಮ್ಮ ಜಗುಲಿಯಲ್ಲಿ ಕೂತು ನನಗೆ ಕೊಬ್ಬರಿ ಸಕ್ಕರೆ ಕೊಡುತ್ತಿದ್ದ ಕೈ ಅದು. ಇದು ನೆಪವಲ್ಲ.

ಈಗಲೇ ಬಸ್ಸು ಹತ್ತಿ ಬಾ. ಬರಲಾಗದಿದ್ದರೆ ಒಂದು ದಾರಿಯಿದೆ, ಯೋಚಿಸು. ಅತ್ತೆ ಹೇಳಿದಂತೆ ಅಮ್ಮ ಬಂದಂತೆ ನಟಿಸು. ಆದರೆ ಓಬಳಪ್ಪ ಬಾಯಿ ತೆರೆಯುವ ಮೊದಲೇ 'ಗೋಮಾಳ ಹಟ್ಟಿಯ ಮಕ್ಕಳದು' ಎಂದು ಸ್ಪಷ್ಟವಾಗಿ ಕೂಗಿಬಿಡು. ಅಮ್ಮನ ಮಾತಿಗೆ ಯಾರೂ ಎದುರಾಡುವುದಿಲ್ಲ. ಅವರ ಆಯುಧ ಅವರಿಗೇ ತಿರುಗುತ್ತದೆ.

ಹದಿನೇಳರ ಒಳಗೆ ಒಂದು ಸಾಲು ಬರೆ.

ಪಂಕಜಾಕ್ಷಿ


ಕಡೂರು, ಪೊಲೀಸ್ ಲಾಕಪ್
೧೯ ಏಪ್ರಿಲ್ ೧೯೮೪

ಪಂಕಜಾಕ್ಷಿ,

ನಿನ್ನ ಕಾಗದ ಹದಿನಾರಕ್ಕೇ ಬಂತು. ರಾತ್ರಿಯೆಲ್ಲ ಯೋಚಿಸಿದೆ. ಅಮ್ಮನ ಬಾಯಲ್ಲಿ ನಾನು ಒಳ್ಳೆಯದು ಹೇಳಿದರೆ ಅಂಬಮ್ಮನಿಗೆ ಹೇಳಿದ ಕೆಟ್ಟದ್ದೂ ನಿಜವಾಗಿಬಿಡುತ್ತದೆ. ಮುಂದಿನ ಶುಕ್ರವಾರ ಓಬಳಪ್ಪ ಇನ್ನೊಬ್ಬಳನ್ನು ಹುಡುಕಿ ಬೇರೆ ಅಪ್ಪಣೆ ಕೊಡಿಸುತ್ತಾನೆ. ನಿನ್ನ ದಾರಿ ಬೇಡ ಅನ್ನಿಸಿತು.

ಹತ್ತು ಗಂಟೆಗೆ ಅಮಲ್ದಾರರ ಜೀಪು ಬಂತು. ಬೇವಿನ ಮರದ ಕೆಳಗೆ ಕುರ್ಚಿ ಹಾಕಿದರು. ನಮ್ಮಲ್ಲಿ ಒಂದು ಪದ್ಧತಿಯಿದೆ. ಅಮ್ಮ ಬರುವವಳ ಕೈಗೆ ಗುಡಿಯ ಚಾವಟಿ ಕೊಡುತ್ತಾರೆ. ಊರಿನ ದೊಡ್ಡವನು ಮೊದಲು ಬಂದು ಬೆನ್ನು ಬಗ್ಗಿಸಿ ಒಂದು ಏಟು ಪ್ರಸಾದ ಅಂತ ತಗೊಳ್ಳಬೇಕು. ಹದಿನೆಂಟು ವರ್ಷ ಈರಭದ್ರಪ್ಪನಿಗೆ ಹೂವಿನಂಥ ಏಟು ಕೊಟ್ಟಿದ್ದೆನಂತೆ.

ಓಬಳಪ್ಪ ಚಾವಟಿ ಕೊಟ್ಟ. ಈರಭದ್ರಪ್ಪ ಅಂಗಿ ಬಿಚ್ಚಿ ಬಗ್ಗಿದ. ನಾನು ತಮಟೆಯ ಕಲ್ಲಪ್ಪನಿಗೆ, "ನಿಲ್ಸಣ್ಣ" ಅಂದೆ. ಅವನು ನಿಲ್ಲಿಸಿದ.

ಬಾರಿಸಿದೆ. ಚರ್ಮ ಸುಲಿಯಿತು. ಏಟಿಗೆ ಗಂಟೆ ಕುಣಿಯಿತು. ಹಾಗೇ ನಿಂತು ನಾಲ್ಕು ಎಣಿಸಿದೆ, ಆರು ಎಣಿಸಿದೆ, ಗಂಟೆ ಸುಮ್ಮನಾಯಿತು. ಆಮೇಲೆ ಇನ್ನೊಂದು. ಒಂದು ಉಸಿರಿಗೆ ಒಂದು ಏಟು. ನಿಮಿಷಕ್ಕೆ ಆರು. ಮೂರನೆಯದಕ್ಕೆ ಅವನು "ಅಮ್ಮಾ, ತಾಯಿ, ಏನು ತಪ್ಪಾಯ್ತು" ಎಂದು ಕಾಲು ಹಿಡಿದ. ನಾನು, "ಅಮ್ಮ ಬಂದಿಲ್ಲ ಕಣೋ. ನಾನು ತಿಮ್ಮಕ್ಕ. ಮುದ್ದಪ್ಪನ ಹೆಂಡ್ತಿ. ಇದು ಅಂಬಮ್ಮನ ಹಲ್ಲಿಗೆ" ಅಂದೆ. ಆಗ ತಲೆಯೆತ್ತಿ ನನ್ನ ಕಣ್ಣು ನೋಡಿದ. ಅವನಿಗೆ ಗೊತ್ತಾಯಿತು. ಓಡಲು ಎದ್ದ. ಚಾವಟಿಯ ಹಿಡಿಯಿಂದ ಮಣಿಕಟ್ಟಿಗೆ ಹೊಡೆದೆ, ಒಣಗಿದ ತೆಂಗಿನ ಮಟ್ಟೆ ಮುರಿದ ಸದ್ದು ಬಂತು. ಬಿದ್ದವನ ಮುಖಕ್ಕೆ ತುದಿ ಸುತ್ತಿಕೊಂಡಿತು. ಎಡಗಣ್ಣು ಹೋಯಿತು ಅನ್ನುತ್ತಾರೆ.

ಯಾರೂ ಬಿಡಿಸಲಿಲ್ಲ, ಪಂಕಜಾಕ್ಷಿ. ಅಮ್ಮ ಹೊಡೆಯುತ್ತಿದ್ದಾಳೆ ಎಂದು ಎಲ್ಲರೂ ಕೈ ಮುಗಿದು ನಿಂತಿದ್ದರು. ಅಮ್ಮನಲ್ಲ ಎಂದು ನಾನು ಕೂಗಿ ಹೇಳಿದರೂ ಮುಗಿದ ಕೈ ಇಳಿಸಲಿಲ್ಲ. ಹದಿನೆಂಟಕ್ಕೆ ನಾನೇ ನಿಲ್ಲಿಸಿದೆ. ವರ್ಷಕ್ಕೊಂದು.

ಅಮಲ್ದಾರರು ಎಲ್ಲೂ ರುಜು ಹಾಕದೆ ಜೀಪು ಹತ್ತಿ ಹೋದರು. ನಾನೇ ನಡೆದು ಯಗಟಿಗೆ ಬಂದೆ, ಅಲ್ಲಿಂದ ಬಸ್ಸಿನಲ್ಲಿ ಕಡೂರಿಗೆ. ಸಬ್ ಇನ್‌ಸ್ಪೆಕ್ಟರ್ ಓಂಕಾರಮೂರ್ತಿಯವರು ಎಲ್ಲ ಕೇಳಿ ಪೆನ್ನು ಕೆಳಗಿಟ್ಟರು. "ಮೈಮೇಲೆ ದೇವ್ರು ಬಂದಿತ್ತು ಅಂತ ಬರ್ಕೊಂತೀನಿ ಕಣಮ್ಮ. ಗೊತ್ತಿಲ್ದೆ ಆಗಿದ್ದು. ಸಂಜೆಗೆ ಮನೆಗೆ ಹೋಗ್ತೀಯ." ನಾನು ಒಪ್ಪಲಿಲ್ಲ. ಗಂಟೆ ಬಿಚ್ಚಿಸಿಕೊಂಡು ಮಹಜರಿನಲ್ಲಿ 'ದೇವರ ಗಂಟೆ ಒಂದು' ಎಂದು ಬರೆದಿದ್ದಾರೆ.

ಇವತ್ತಿನ ಅಂಕಿ ೬.

ತಿಮ್ಮಕ್ಕ


ಅಜ್ಜಂಪುರ
೨೫ ಏಪ್ರಿಲ್ ೧೯೮೪

ತಿಮ್ಮಕ್ಕ,

ರಜೆ ಹಾಕಿ ಬಂದಿದ್ದೇನೆ. ನಿಮ್ಮಿಂದ ಮುಚ್ಚಿಟ್ಟ ಒಂದು ಮಾತಿದೆ, ಮೊದಲು ಅದನ್ನು ಹೇಳಿಬಿಡುತ್ತೇನೆ. ಮಾರ್ಚ್ ಕೊನೆಗೇ ನಮ್ಮ ಕೆಲಸ ಮುಗಿಸಿ ಮಿಷನ್ ಪೆಟ್ಟಿಗೆಗೆ ಹಾಕಿದರು. ವರದಿಯಲ್ಲಿ ಒಂಬತ್ತು ಜನರ ಲೆಕ್ಕವಿದೆ. ಹತ್ತನೆಯವಳ ಮುಂದೆ 'ಸಹಕರಿಸಲಿಲ್ಲ' ಎಂದು ಬರೆದಿದೆ. ಬರೆದ ಅಕ್ಷರ ನನ್ನದು.

ನಿನ್ನೆ ಅಪ್ಪ ನನ್ನನ್ನು ಕೂರಿಸಿಕೊಂಡು, "ದೇವಿ ಹೊಡೆದ್ಲು ಅಂದ್ರೆ ಎಲ್ರ ಮಾನನೂ ಉಳೀತದೆ. ಆ ಹೆಣ್ಮಗಳೂ ಹೊರಗೆ ಬತ್ತಾಳೆ. ನೀನು ಬಾಯಿ ಹಾಕ್ಬೇಡ" ಅಂದರು. ಈರಭದ್ರಪ್ಪನೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಲ್ಲಿಂದಲೇ ಅಮ್ಮನ ಏಟು ತನ್ನ ಪುಣ್ಯ ಅನ್ನುತ್ತಿದ್ದಾನಂತೆ. ಕುರಿ ಕಾಯುವ ಹೆಂಗಸು ಹೊಡೆದಳು ಅನ್ನುವುದಕ್ಕಿಂತ ಅವನಿಗೆ 'ಅಮ್ಮ ಹೊಡೆದಳು' ಅನ್ನುವುದು ಹಗುರ.

ನಿಮ್ಮ ಅಂಕಿಗಳ ಪುಸ್ತಕ ನನ್ನ ಬಳಿ ಇದೆ. ಅದನ್ನು ಕೋರ್ಟಿಗೆ ಕೊಟ್ಟರೆ ನೀವು ಎಚ್ಚರದಲ್ಲೇ ಹೊಡೆದಿರಿ ಎಂದು ನಾನೇ ಸಾಕ್ಷಿ ಹೇಳಿದಂತೆ. ಈ ಶ್ವಾಸಕೋಶ ಇಟ್ಟುಕೊಂಡು ಜೈಲಿನಲ್ಲಿ ಹೇಗಿರುತ್ತೀರಿ? ಒಂದು ಸಲ ನಿಮ್ಮನ್ನು ಕೇಳದೆ ಬರೆದು ಏನಾಯಿತು ಎಂದು ನೋಡಿದೆ. ಈ ಸಲ ಕೇಳುತ್ತಿದ್ದೇನೆ. ಏನು ಮಾಡಲಿ?

ಪಂಕಜಾಕ್ಷಿ


ಕಡೂರು
೩ ಮೇ ೧೯೮೪

ಪಂಕಜಾಕ್ಷಿ,

ನೀವು ತಾವು ಎಲ್ಲ ಬೇಡ. ನೀನು ಅಂತಲೇ ಬರೆ. ನನಗೆ ಬೈಯಲು ಸುಲಭವಾಗುತ್ತದೆ.

ಮುದ್ದಪ್ಪ ಮಂದೆ ಬಿಟ್ಟು ಓಡಿ ಬಂದಿದ್ದ. ಇಲ್ಲಿನ ಸಬ್ ಜೈಲಿನ ಕಂಬಿಯಾಚೆ ಟವೆಲ್ಲು ಹಿಂಡುತ್ತಾ ನಿಂತು, "ಅಮ್ಮ ಅಂತ ಒಪ್ಕಂಡ್ಬಿಡೇ, ಮನೆಗೆ ಹೋಗನ" ಅಂದ. ಹಟ್ಟಿಯಲ್ಲಿ ಏನಂತಾರೆ ಎಂದು ಕೇಳಿದೆ. ತಲೆ ತಗ್ಗಿಸಿ ಹೇಳಿದ. ಓಬಳಪ್ಪ ಆಗಲೇ ಬಿಡಿಸಿ ಹೇಳಿಬಿಟ್ಟಿದ್ದಾನೆ. ಅಮ್ಮ ಯಾಕೆ ಹೊಡೆದಳು? ಅವಳ ಜಾಗ ಅವಳಿಗೆ ಕೊಡಿಸುವುದು ತಡವಾಯಿತು, ಅದಕ್ಕೆ ಮುನಿದಳು. ಗೋಮಾಳದ ಸುತ್ತ ಕಲ್ಲು ನೆಡಲು ಹಟ್ಟಿಯವರೇ ಗುಂಡಿ ತೋಡುತ್ತಿದ್ದಾರಂತೆ.

ನೋಡಿದೆಯಾ? ಅಷ್ಟು ಏಟು ತಿಂದರೂ ಈರಭದ್ರಪ್ಪ ನನ್ನ ಬಾಯಿಯನ್ನು ಕೈಬಿಟ್ಟಿಲ್ಲ. ನಾನು ಹೊಡೆದೆ ಎಂದು ಬರೆದುಕೊಳ್ಳುವವರೆಗೆ ಆ ಹೊಡೆತ ಅವನದೇ.

ಆದ್ದರಿಂದ ಪುಸ್ತಕ ತಗೊಂಡು ಬಾ. ನಿಮ್ಮಪ್ಪನ ಎದುರಿಗೇ ತಗೊಂಡು ಬಾ. ಕೋರ್ಟಿನಲ್ಲಿ ನಿಂತು ಹೇಳು. ಮೈಮೇಲೆ ಬಂದವಳು ಏದುಸಿರಿಲ್ಲದೆ ಬಂದದ್ದುಂಟೇ ಎಂದು ಹಟ್ಟಿಯವರನ್ನೇ ಕೇಳು, ನಲವತ್ತೊಂದರಲ್ಲೂ ಇವಳು ಅಮ್ಮನನ್ನು ಬರಗೊಡಲಿಲ್ಲ ಎಂದು ಹೇಳು. ಹೊಡೆದ ದಿನ ನಿಮಿಷಕ್ಕೆ ಆರು. ಕಲ್ಲಪ್ಪ ತಮಟೆ ಹಿಡಿದುಕೊಂಡೇ ಎಣಿಸಿದ್ದಾನೆ, ಅವನ ಕೆಲಸವೇ ಎಣಿಸುವುದು. ಅವನೂ ಬರುತ್ತೇನೆ ಎಂದು ಮುದ್ದಪ್ಪನ ಕೈಲಿ ಹೇಳಿ ಕಳಿಸಿದ್ದಾನೆ. ನಂಬದಿದ್ದರೆ ನ್ಯಾಯಾಧೀಶರ ಮುಂದೆ ನಿಂತು ಉಸಿರಾಡಿ ತೋರಿಸುತ್ತೇನೆ. ನೀನು ನಿಜ ಹೇಳಿದರೆ ನನಗೆ ಜೈಲು. ಗೋಮಾಳ ಹಟ್ಟಿಗೆ.

ಶ್ವಾಸಕೋಶದ ಚಿಂತೆ ಬಿಡು. ಬೆಳಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ ಸುಮ್ಮನೆ ಕೂರಬೇಡ ಎಂದು ಜೈಲಿನಲ್ಲಿ ಯಾರೂ ಹೊಡೆಯುವುದಿಲ್ಲ. ಊರಿಗಿಂತ ಸಲೀಸು. ನಿನ್ನ ವರದಿಯ ಹತ್ತನೇ ಸಾಲನ್ನು ನೀನೇ ಹೊಡೆದುಹಾಕು, ನನ್ನ ಅಂಕಿ ಬರೆ.

ಇನ್ನೊಂದೇ ಕೆಲಸ. ಮಹಜರಿನಲ್ಲಿ ತಪ್ಪು ಬರೆದಿದ್ದಾರೆ, ಅದನ್ನು ತಿದ್ದಿಸಿ ಗಂಟೆ ಬಿಡಿಸಿಕೊಡು. ಅದು ದೇವರದಲ್ಲ. ಕುರಿಯದು.

ತಿಮ್ಮಕ್ಕ